ಕುರಿಗಾರರು ಇಳಿಯದ ದಡ

ಮೊನ್ನೆ ಊರಿಗಾಂ ಪಟ್ಟಣದ ನಮ್ಮ ಬೀದಿಗೆ ಡಾಂಬರು ಹಾಕುತ್ತಿದ್ದರು. ಪಕ್ಕದ ಮನೆಯವರು ಮೂಗು ಮುಚ್ಚಿಕೊಂಡು ಕಿಟಕಿ ಎಳೆದುಕೊಂಡರು. ನಾನು ಜಗಲಿಯ ಮೇಲೆ ಕೂತೇ ಇದ್ದೆ. ಕಾದ ಡಾಂಬರಿನ ವಾಸನೆ ಬಂದರೆ ಸಾಕು, ಹರಿಗೋಲಿನವನ ಕಪ್ಪು ಕೈಗಳು ನೆನಪಾಗುತ್ತವೆ. ಅರವತ್ತು ವರ್ಷದ ಮೇಲಾಯಿತು, ಇನ್ನೂ ಬಿಟ್ಟಿಲ್ಲ... ಬಿಡಲೂಬಾರದು.

ಐವತ್ತರ ದಶಕದ ಕೊನೆಯ ಮಾತು. ನಾನಾಗ ಹೊಸ ಮೇಷ್ಟ್ರು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಶಾಲೆಯ ಮಕ್ಕಳನ್ನು ಎರಡು ದಿನ ಕೆರೆಯ ದಡದಲ್ಲಿ ಡೇರೆ ಹಾಕಿ ಇರಿಸಬೇಕು, ಜಾಗ ನೋಡಿಕೊಂಡು ಬಾ ಎಂದು ಹೆಡ್‌ಮಾಸ್ಟರು ನನ್ನನ್ನು ಕಳಿಸಿದರು. ಬೇತಮಂಗಲದಿಂದಾಚೆ ಒಂದು ಕೆರೆ. ಅದರ ಆಚೆ ದಡಕ್ಕೆ ಬಂಡಿದಾರಿಯೂ ಇರಲಿಲ್ಲ, ಹರಿಗೋಲೇ ಗತಿ. ಅದನ್ನು ನಡೆಸುತ್ತಿದ್ದವನಿಗೆ ಐವತ್ತರ ಆಸುಪಾಸು. ಹೆಣೆಯುವುದು, ಡಾಂಬರು ಬಳಿಯುವುದು, ಹುಟ್ಟು ಹಾಕುವುದು ಎಲ್ಲ ಅವನೇ.

ದಡ ಸೇರಿದಾಗ ನಾನು ಪುಸ್ತಕ ತೆಗೆದು ಬರೆದುಕೊಂಡೆ. ನೆಲ ಸಮತಟ್ಟು. ಹೊಂಗೆಯ ನೆರಳುಂಟು. ನೀರು ಹತ್ತಿರ. ಅವನು ನೆಲ ನೋಡಲೇ ಇಲ್ಲ, ಗಿಡ ನೋಡುತ್ತಾ ಓಡಾಡಿದ. ಜಾಲಿ ಕೊಂಬೆಯೊಂದರಲ್ಲಿ ಮೊಣಕಾಲೆತ್ತರಕ್ಕೆ ಸಿಕ್ಕಿಕೊಂಡಿದ್ದ ಒಣಹುಲ್ಲನ್ನು ಕಿತ್ತು ನನ್ನ ಕೈಗಿಟ್ಟ.

"ಇಲ್ಲೀಗಂಟ ನೀರು ಬಂದದೆ ಮೇಷ್ಟ್ರೇ. ಮ್ಯಾಲಿನ ಸೀಮೇಲಿ ಮಳೆಯಾದ್ರೆ ಇಲ್ಲಿ ಬಿಸಿಲಿದ್ರೂ ಕೆರೆ ಏರ್ತದೆ. ಕುರಿಗಾರ್ರೂ ಇಲ್ಲಿ ಕುರಿ ಕೂಡೋ ರೊಪ್ಪ ಆಕಲ್ಲ. ಆ ದಿಬ್ಬದ ಮ್ಯಾಲೆ ಆಕ್ಕೊಳ್ಳಿ."

ದಿಬ್ಬದ ತುಂಬ ಕಲ್ಲು, ಮುಳ್ಳು. ಹೆಡ್‌ಮಾಸ್ಟರಿಗೆ ಅಂಥ ಜಾಗ ತೋರಿಸುವುದುಂಟೇ? "ನಾವೇನು ಕುರಿಗಳೇನಣ್ಣ?" ಎಂದು ನಕ್ಕೆ.

"ಕುರಿಗೇ ಬ್ಯಾಡದ ಜಾಗ ಮಕ್ಕಳಿಗ್ಯಾಕೆ ಸ್ವಾಮಿ?"

ನಾಲ್ಕು ಅಕ್ಷರ ಕಲಿತವನ ಸೊಕ್ಕು ನನ್ನದು. ಡೇರೆಗಳು ಹೊಂಗೆಯ ನೆರಳಲ್ಲೇ ಎದ್ದವು.

ಎರಡನೆಯ ದಿನ ಮಧ್ಯಾಹ್ನ, ಮಕ್ಕಳು ಊಟಕ್ಕೆ ಕೂತಿದ್ದರು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ನೀರು ಸದ್ದಿಲ್ಲದೆ ಎಲೆಗಳ ಕೆಳಗೆ ಬಂತು. ನೋಡನೋಡುತ್ತ ಡೇರೆಗಳ ಹಿಂದಿದ್ದ ಹಳ್ಳವೂ ತುಂಬಿ, ದಿಬ್ಬಕ್ಕೆ ಹೋಗುವ ದಾರಿ ಮುಚ್ಚಿತು. ಎದುರು ದಡದಿಂದ ಇದನ್ನು ಕಂಡವನು ಹರಿಗೋಲಿನವನೇ. ಹರಿಗೋಲು ತಂದು, ಐದೈದು ಮಕ್ಕಳನ್ನು ಕೂರಿಸಿಕೊಂಡು, ಎಲ್ಲರನ್ನೂ ಅದೇ ದಿಬ್ಬಕ್ಕೆ ಸಾಗಿಸಿದ. ಡೇರೆಗಳು ತೇಲಿಹೋದವು, ಮಕ್ಕಳು ಉಳಿದರು.

ಮರುದಿನ ಹೆಡ್‌ಮಾಸ್ಟರೂ ಊರಿನ ಪಟೇಲರೂ ಕೆರೆ ಏರಿಯ ಮೇಲೆ ನಿಂತು ಕೇಳಿದರು, ಆ ಜಾಗ ಆರಿಸಿದ್ದು ಯಾರು ಎಂದು. ಅವನು ನನ್ನ ಪಕ್ಕದಲ್ಲೇ ನಿಂತಿದ್ದ.

"ಹರಿಗೋಲಿನವನು ತೋರಿಸಿದ ಜಾಗ ಸಾರ್," ಎಂದೆ.

ಅವನು ನನ್ನ ಮುಖ ನೋಡಿದ. ಜಗಳವಾಡಲಿಲ್ಲ. "ಮೇಷ್ಟ್ರು ಅಂದ ಮ್ಯಾಲೆ ಅಂಗೇ ಇರ್ಲಿ ಬಿಡಿ," ಎಂದ, ಅಷ್ಟೇ. ಪಟೇಲರು ಅವನ ಹರಿಗೋಲನ್ನು ದಡಕ್ಕೆ ಎಳೆಸಿ ಮಗುಚಿ ಹಾಕಿಸಿದರು. ಮತ್ತೆ ನೀರಿಗಿಳಿಸಕೂಡದೆಂದು ಕಟ್ಟಪ್ಪಣೆ ಮಾಡಿದರು. ಉಪ್ಪು ತಿಂದವನು ನಾನು, ನೀರು ಕುಡಿದವನು ಅವನು. ಆ ವರ್ಷವೇ ನನ್ನ ಕೆಲಸ ಕಾಯಂ ಆಯಿತು.

ಕೆಲವು ವರ್ಷಗಳ ಮೇಲೆ ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಅವನು ಸಿಕ್ಕಿದ. ಬೆನ್ನ ಮೇಲೆ ಕೂಲಿಗೆ ಹೊತ್ತ ರಾಗಿ ಮೂಟೆ. ನಾನು ಮರೆಗೆ ಸರಿಯುವಷ್ಟರಲ್ಲಿ ಅವನೇ ಗುರುತಿಸಿದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಆವತ್ತಿನ ಮಕ್ಕಳೆಲ್ಲ ಚೆನ್ನಾಗವ್ರಾ ಮೇಷ್ಟ್ರೇ?" ಎಂದ.

ಹೂಂ ಅಂದೆ. ರೈಲಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿ ನಡೆದುಬಿಟ್ಟೆ. ಮತ್ತೆ ಅವನನ್ನು ನೋಡಲಿಲ್ಲ. ನಿವೃತ್ತಿಯ ದಿನ ನನಗೆ ಶಾಲು ಹೊದಿಸಿ, ಮಕ್ಕಳನ್ನು ಜೋಪಾನ ಮಾಡಿದವರು ಎಂದು ಹೊಗಳಿದರು. ಆಗಲೂ ಬಾಯಿ ಬಿಡಲಿಲ್ಲ, ಕಳ್ಳ ನಾನು.

ಬೀದಿಯ ಡಾಂಬರು ಈಗ ಆರಿದೆ. ಹೆಡ್‌ಮಾಸ್ಟರಿಲ್ಲ, ಪಟೇಲರಿಲ್ಲ, ಅವನೂ ಹೋಗಿ ಬಹಳ ಕಾಲವಾಯಿತಂತೆ... ದಿಬ್ಬ ತೋರಿಸಿದವನು ಅವನೇ ಎಂದು ಈಗ ಯಾರ ಮುಂದೆ ಹೇಳಲಿ?