ಕೆಂಚಪ್ಪನವರ ಒಂದೇ ಪ್ರಶ್ನೆ

ಹೋದ ಭಾನುವಾರ ಹಳೇಬೀಡಿನ ಕೆರೆ ಏರಿಯ ಮೇಲೆ ಬರಿಗಾಲಲ್ಲಿ, ಶರ್ಟು ಪ್ಯಾಂಟಿನಿಂದ ಹೊರಗೆ ಬಂದು, ಹುಚ್ಚನಂತೆ ಓಡುತ್ತಿದ್ದ ಒಬ್ಬ ಮನುಷ್ಯನನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದರೆ, ಅದು ನಾನೇ. ನೋಡಿ ನಕ್ಕಿದ್ದರೂ ಬೇಸರವಿಲ್ಲ.

ನನ್ನ ಮಗಳು ಸುಮಾ ಕಾಣುತ್ತಿರಲಿಲ್ಲ. ಆರು ವರ್ಷ. ಒಂದು ಕಡೆ ಟೂರಿಗೆ ಬಂದ ಸ್ಕೂಲ್ ಮಕ್ಕಳಿಂದ ಗಿಜಿಗಿಡುವ ದೇವಸ್ಥಾನ, ಇನ್ನೊಂದು ಕಡೆ ಆ ಕೆರೆ. ಈ ಸಲ ಕೆರೆ ತುಂಬಿದೆ ಅಂತ ಎರಡು ವಾರದ ಹಿಂದೆ ಇದೇ ಅಂಕಣದಲ್ಲಿ ಖುಷಿಯಿಂದ ಬರೆದವನೂ ನಾನೇ. (ನೆನಪಿದೆಯಾ?)

ಇರಲಿ, ಮೊದಲು ಕೆಂಚಪ್ಪನವರ ವಿಷಯ ಹೇಳಬೇಕು. ಹಳೇಬೀಡಿಗೆ ನಾವು ಹೋಗಿದ್ದೇ ಅವರ ಜೊತೆ.

ಹಾರನಹಳ್ಳಿಯ ಕೆಂಚಪ್ಪನವರು ಜರ್ಮನಿಯಲ್ಲಿ ದೊಡ್ಡ ವಿದ್ವಾಂಸರಾಗಿದ್ದವರು ಎಂದರೆ ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ನಂಬುವುದಿಲ್ಲ. ಪಂಚೆ ಉಟ್ಟು, ಎಲೆ ಅಡಿಕೆ ಹಾಕಿಕೊಂಡು ಟೆಂಪೋ ಕಾಯುವ ಎಪ್ಪತ್ತರ ಮುದುಕರು. ಅವರು ಓದಿದ್ದು ಪುಸ್ತಕದ ಜರ್ಮನ್ ಅಲ್ಲ, ಅಲ್ಲಿಯ ಹಳ್ಳಿಗರ ಆಡುಮಾತು. ಆಲೂಗಡ್ಡೆಗೆ ಈ ಊರಿನಲ್ಲೊಂದು ಹೆಸರು, ಹೊಳೆ ದಾಟಿದರೆ ಇನ್ನೊಂದು. ಯಾವ ಮಾತು ಯಾವ ಊರಿನ ತನಕ ಹೋಗಿ ನಿಲ್ಲುತ್ತದೆ ಎಂದು ಊರೂರು ತಿರುಗಿ ನಕ್ಷೆ ಬರೆಯುವುದೇ ಮೂವತ್ತು ವರ್ಷ ಅವರ ಉದ್ಯೋಗ. ಇದಕ್ಕೂ ಸಂಬಳ ಕೊಡುತ್ತಾರಾ ಅಂತ ನಾನೂ ಕೇಳಿದ್ದೆ.

ಇದು ಶುರುವಾಗಿದ್ದು ಮೈಸೂರಿನಲ್ಲಿ, ಕಾಲೇಜಿನ ಮೊದಲ ದಿನ. ಹಾಸ್ಟೆಲಿನ ಹುಡುಗ ಕೆಂಚಪ್ಪ ಕ್ಲಾಸಿನಲ್ಲಿ ಬಾಯಿ ಬಿಟ್ಟಿದ್ದೇ ತಡ, ಎಲ್ಲರೂ ನಕ್ಕರಂತೆ. ಆಮೇಲೆ ಒಂದು ವರ್ಷ ಬಾಯೇ ಬಿಡಲಿಲ್ಲ. ಸಂಜೆ ಹೊತ್ತಿನ ಜರ್ಮನ್ ಕ್ಲಾಸಿಗೆ ಸೇರಿದ್ದು ಯಾಕೆ ಎಂದರೆ ಅವರ ಉತ್ತರ ಇದು: “ಅಲ್ಲಿ ಎಲ್ರೂ ತಪ್ಪೇ ಮಾತಾಡೋರು ಕಣ್ರೀ. ಯಾರೂ ಯಾರ್ನೂ ನೋಡಿ ನಗಂಗಿರ್ಲಿಲ್ಲ.”

ಸ್ಕಾಲರ್‌ಶಿಪ್ ಸಿಕ್ಕಿ ಹೋದರು. ಅಲ್ಲಿ ಬೆಟ್ಟದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ಬಾಡಿಗೆಗಿದ್ದರು. ಅಜ್ಜಿ ದನದ ಜೊತೆ, ಮಗನ ಜೊತೆ ಆಡುವುದು ಒಂದು ಮಾತು. ಊರಿನ ಸ್ಕೂಲ್ ಮೇಷ್ಟ್ರು ಬಂದರೆ ಇನ್ನೊಂದು ಮಾತು. ಆಗ ಮುಖವೂ ಬೇರೆ, ಒಣಗಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುವುದು ಬೇರೆ. “ನಮ್ಮವ್ವ ಶಾನುಭೋಗರ ಮುಂದೆ ಇಂಗೇ ನಿಂತ್ಕತಿದ್ಲು” ಎಂದರು ಕೆಂಚಪ್ಪ. ಮುಂದೇನು ಓದಬೇಕು ಎನ್ನುವುದು ಅವತ್ತೇ ತೀರ್ಮಾನವಾಯಿತಂತೆ.

ಆದರೆ ಟೇಪ್ ರೆಕಾರ್ಡರ್ ಮುಂದಿಟ್ಟರೆ ಯಾರು ತಾನೇ ಮನೆಮಾತು ಆಡುತ್ತಾರೆ? ಎಲ್ಲರೂ ರೇಡಿಯೊದವರಾಗುತ್ತಾರೆ. ಅದಕ್ಕೇ ಕೆಂಚಪ್ಪನವರು ಒಂದೇ ಒಂದು ಪ್ರಶ್ನೆ ಇಟ್ಟುಕೊಂಡಿದ್ದರು. ಚಿಕ್ಕಂದಿನಲ್ಲಿ ನಿಮಗೆ ಯಾವುದರ ಭಯವಿತ್ತು? ಅಷ್ಟೇ. ಭಯದ ಕತೆ ಹೇಳುವಾಗ ಮನುಷ್ಯ ಕಲಿತ ಭಾಷೆಯನ್ನು ಮರೆತುಬಿಡುತ್ತಾನಂತೆ.

“ಯಾವ ಭಯ ಜಾಸ್ತಿ ಸರ್? ಯುದ್ಧದ್ದಾ?” ಎಂದು ಕೇಳಿದ್ದೆ.

“ಯುದ್ಧದ್ದೂ ಐತೆ. ಹಿಮದಾಗೆ ದಾರಿ ತಪ್ಪಿದ್ದೂ ಐತೆ. ಆದ್ರೆ ಎಲ್ಲಾಕಿಂತ ಜಾಸ್ತಿ ಇರೋದು ಮೇಷ್ಟ್ರ ಕೋಲು. ಮನೆ ಮಾತು ಆಡಿದ್ರೆ ಬೀಳ್ತಿತ್ತಲ್ಲ, ಆ ಕೋಲು.”

ನಾನು ನಕ್ಕೆ. ನಾನೂ ಮೇಷ್ಟ್ರೇ, ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವನು. ಯಾವತ್ತೂ ಕೋಲು ಹಿಡಿದವನಲ್ಲ.

ನನ್ನ ಊರು ಹಗರೆಯ ಪಕ್ಕ. ಐತೆ, ಬತ್ತೀನಿ ಎನ್ನುತ್ತಲೇ ಬೆಳೆದು, ಆಮೇಲೆ ಕಷ್ಟಪಟ್ಟು ನಾಲಗೆ ತಿದ್ದಿಕೊಂಡವನು. ಸುಮಾ ರಜಕ್ಕೆ ಅಜ್ಜಿ ಮನೆಗೆ ಹೋದಾಗಲೆಲ್ಲ ನಾನು ಅಲ್ಲಿ ಬಿಟ್ಟು ಬಂದದ್ದನ್ನು ಹೊತ್ತುಕೊಂಡು ವಾಪಸ್ ಬರುತ್ತಾಳೆ. ಅದಕ್ಕೆ ನಮ್ಮ ಮನೆಯಲ್ಲೊಂದು ರೂಲ್. ಒಂದು ಸಲ ‘ಐತೆ’ ಅಂದರೆ ಹತ್ತು ಸಲ ‘ಇದೆ’ ಅನ್ನಬೇಕು. ಹೊಡೆಯುವುದಿಲ್ಲ, ಬೈಯುವುದಿಲ್ಲ. (ಇದನ್ನು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೂ ಉಂಟು.)

ಭಾನುವಾರ ಬಸ್ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಕೆಂಚಪ್ಪನವರನ್ನೂ ಮಗಳನ್ನೂ ಮರದ ಕೆಳಗೆ ಕೂರಿಸಿ ಎಳನೀರು ತಂದುಕೊಟ್ಟೆ. ಕುಡಿದು, ಚಪ್ಪಲಿ ಬಿಟ್ಟು ಒಳಗೆ ಹೋದೆವು. ದೊಡ್ಡ ನಂದಿಯ ಮುಂದೆ ನಿಂತು ಸುಮಾ ಕಣ್ಣರಳಿಸಿದಳು.

“ಅಜ್ಜ, ಬಸವಣ್ಣನ್ ಕತ್ನಾಗೆ ಎಷ್ಟೊಂದು ಗೆಜ್ಜೆ ಐತೆ ನೋಡು.”

“ಸುಮಾ” ಎಂದೆ. ಅಷ್ಟೇ ಅಂದಿದ್ದು.

ಇದೆ, ಇದೆ, ಇದೆ. ಹತ್ತು ಸಲ. ಪಕ್ಕದಲ್ಲಿ ಸಾಲು ನಿಂತಿದ್ದ ಸ್ಕೂಲ್ ಮಕ್ಕಳು ಕಿಸಕ್ಕನೆ ನಕ್ಕರು. ಕೆಂಚಪ್ಪನವರು ನಂದಿಯ ಕಡೆ ತಿರುಗಿ ನಿಂತುಬಿಟ್ಟರು. ನಾನು ಅವರಿಗೆ ಗೋಡೆಯ ಶಿಲ್ಪಗಳ ಬಗ್ಗೆ ವಿವರಿಸಲು ಶುರುಮಾಡಿದೆ. ಐದು ನಿಮಿಷವಾಗಿರಬಹುದು. ತಿರುಗಿ ನೋಡಿದರೆ ಮಗಳಿಲ್ಲ.

ಮೊದಲ ಹತ್ತು ನಿಮಿಷ ಮನುಷ್ಯನಿಗೆ ಮರ್ಯಾದೆಯ ಚಿಂತೆ ಇರುತ್ತದೆ. ಕೂಗುವುದಿಲ್ಲ. ಬೇಗ ಬೇಗ ನಡೆಯುತ್ತಾನೆ. ನಾನೂ ನಡೆದೆ. ಗೇಟಿನ ಹೊರಗೆ ಛತ್ರಿ ಬಿಚ್ಚಿಕೊಂಡು ಸೌತೆಕಾಯಿ ಮಾರುತ್ತಿದ್ದ ಹೆಂಗಸನ್ನು ಕೇಳಿದೆ. “ನೋಡಿ ಅಮ್ಮ, ಕೆಂಪು ಲಂಗ ತೊಟ್ಟ ಆರು ವರ್ಷದ ಬಾಲಕಿಯೊಬ್ಬಳು ಈ ಕಡೆ ಬಂದಿದ್ದನ್ನು ಗಮನಿಸಿದಿರಾ?”

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇಲ್ಲ ಸ್ವಾಮಿ” ಅಂದಳು.

ಕೆಂಚಪ್ಪನವರು ದೇವಸ್ಥಾನದ ಒಳಗೆ ಹುಡುಕಲು ಹೋದರು. ನಾನು ಕೆರೆಯ ಕಡೆ ಹೋದೆ. ಯಾಕೆ ಹೋದೆ? ಹೋಗಬಾರದು ಅನ್ನಿಸಿತು, ಅದಕ್ಕೇ ಹೋದೆ. ಏರಿಯ ಮೇಲೆ ನಿಂತು ನೋಡಿದರೆ ದಡದಿಂದ ನಾಲ್ಕು ಮಾರು ಆಚೆ, ನೀರಿನಲ್ಲಿ ಕೆಂಪಗೆ ಏನೋ ತೇಲುತ್ತಿತ್ತು.

ಇವಳ ಅಮ್ಮನಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ? ಮನೆಯಲ್ಲಿ ಫೋನಿಲ್ಲ, ಪಕ್ಕದ ಮನೆಯ ನಂಬರ್ ಎಷ್ಟು? ಅಂಥ ಹೊತ್ತಿನಲ್ಲೂ ತಲೆ ಇಂಥದ್ದನ್ನೆಲ್ಲ ಯೋಚಿಸುತ್ತದೆ. ಏರಿ ಇಳಿದು, ಮೊಣಕಾಲುದ್ದ ನೀರಿಗೆ ನುಗ್ಗಿದೆ. ಅದು ಒಡೆದ ಪ್ಲಾಸ್ಟಿಕ್ ಕೊಡ.

ಮೇಲೆ ಬಂದವನು ಗೇಟಿನ ಕಡೆ ಓಡಿದೆ. ಓಡುತ್ತಾ ಕೂಗುತ್ತಿದ್ದೆ. ಏನು ಕೂಗುತ್ತಿದ್ದೆ ಅಂತ ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಗೇಟಿನ ಹತ್ತಿರ ಬಂದಿದ್ದ ಕೆಂಚಪ್ಪನವರು ಆಮೇಲೆ ಹೇಳಿದ್ದು.

“ಅಣ್ಣೋ, ನನ್ ಕೂಸು ಎಲ್ಲೂ ಕಾಣ್ತಿಲ್ಲ ಕಣಣ್ಣೋ. ಕೆಂಪ್ ಲಂಗ ಹಾಕ್ಕಂಡವ್ಳೆ, ಏನಾರ ನೋಡಿದ್ರೆ ಯೇಳ್ರಪ್ಪೋ. ನಮ್ಮವ್ವಂಗೆ ಏನಂತ ಯೇಳ್ಲಿ ನಾನು.”

ಸೌತೆಕಾಯಿಯ ಹೆಂಗಸು ಛತ್ರಿ ಪಕ್ಕಕ್ಕೆ ಸರಿಸಿ ಎದ್ದು ನಿಂತಳು. “ಬಾರಪ್ಪ ಇಲ್ಲಿ. ಇಲ್ಲೇ ಕುಂತವ್ಳೆ ನಿನ್ ಮಗಳು.”

ಗೋಣಿಚೀಲದ ಹಿಂದೆ, ಆಕೆಯ ಸೆರಗು ಹಿಡಿದುಕೊಂಡು ಕೂತಿದ್ದಳು ಸುಮಾ. ಕೈಯಲ್ಲಿ ಅರ್ಧ ತಿಂದ ಸೌತೆಕಾಯಿ.

ಅಳುತ್ತಲೇ ಕೇಳಿದೆ. “ಆಗ್ಲೇ ಕೇಳಿದ್ನಲ್ಲವ್ವ, ಇಲ್ಲ ಅಂದ್ಯಲ್ಲ.”

“ಆಗ ನೀನು ಆಫೀಸರಂಗೆ ಮಾತಾಡ್ದೆ. ನಿನ್ ದನಿ ಕೇಳಿ ಈ ಕೂಸು ಗಡಗಡ ನಡುಗ್ತಿತ್ತು. ಯಾವನೋ ಏನೋ ಅಂತ ಇಲ್ಲ ಅಂದೆ. ಈಗ ಕೂಗಿದ್ಯಲ್ಲ, ಆಗ ಗೊತ್ತಾಯ್ತು ಕಣಪ್ಪ. ಇಷ್ಟೊತ್ತೂ ಇವ್ಳು ನನ್ ಕೂಡೆ ಅಂಗೇ ಮಾತಾಡ್ತಿದ್ಲು.”

ಸುಮಾ ನನ್ನ ಮುಖವನ್ನು ಹೊಸಬರ ಮುಖ ನೋಡಿದ ಹಾಗೆ ನೋಡುತ್ತಿದ್ದಳು. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಮಲಗಿದಳು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ನೆಮ್ಮದಿಯಾಗಿ ಬರೆಯುತ್ತಿದ್ದೆ. ಗುರುವಾರ ಕೆಂಚಪ್ಪನವರು ಮನೆಗೆ ಬಂದು ಒಂದು ಕ್ಯಾಸೆಟ್ ಕೊಟ್ಟರು. ಕನ್ನಡಕ ಮರೆತರೂ ಟೇಪ್ ರೆಕಾರ್ಡರ್ ಮರೆಯದ ಮನುಷ್ಯ ಅವರು. ಭಾನುವಾರ ನಾನು ಎಳನೀರು ತರಲು ಹೋದಾಗ, ಮರದ ಕೆಳಗೆ ಹಳೇ ಅಭ್ಯಾಸದಂತೆ ಬಟನ್ ಒತ್ತಿದ್ದರಂತೆ. ಅಂದರೆ ನಂದಿ, ಗೆಜ್ಜೆ, ಹತ್ತು ಸಲ, ಇವೆಲ್ಲಕ್ಕೂ ಮೊದಲು.

“ಒಬ್ರೇ ಕೇಳಿ” ಎಂದಷ್ಟೇ ಹೇಳಿ ಹೋದರು.

ಬಾಗಿಲು ಹಾಕಿಕೊಂಡು ಕೇಳಿದೆ. ಕೆಂಚಪ್ಪನವರ ದನಿ: “ನಿಂಗೆ ಯಾವ್ದು ಕಂಡ್ರೆ ಭಯ ಮಗ? ದೆವ್ವಾನಾ?” ಊಹೂಂ. “ನಾಯಿನಾ?” ಊಹೂಂ. “ಮತ್ತೆ?”

ಆಮೇಲೆ ನನ್ನ ಮಗಳ ಪಿಸುಮಾತು: “ಅಪ್ಪ ಬತ್ತಾವ್ನೆ, ಸುಮ್ಕಿರಜ್ಜ.”

ಅದಾದ ಮೇಲೆ ಟೇಪಿನಲ್ಲಿ ಕೇಳುವುದು ನನ್ನ ದನಿ: “ಎಳನೀರು ತಂದಿದ್ದೇನೆ ಸರ್, ತೆಗೆದುಕೊಳ್ಳಿ.”

ಉಚ್ಚಾರಣೆಯಲ್ಲಿ ಒಂದು ತಪ್ಪೂ ಇಲ್ಲ.