ಧೂಪವೂ ಹೊಗೆಯೇ

ಕೊರೊನಾ ಕಳೆದು ಎರಡನೆಯ ವರ್ಷ. ಮುರಗೋಡದ ಒಂದು ಸಣ್ಣ ದವಾಖಾನೆಯಲ್ಲಿ ನಾನು ಆಯಾ ಕೆಲಸಕ್ಕೆ ಸೇರಿ ಆಗ ಇಪ್ಪತ್ತೊಂದು ವರ್ಷವಾಗಿತ್ತು. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಕಸ ಗುಡಿಸುವುದು, ನಂಬರ್ ಕೂಗುವುದು, ಕೂಸುಗಳನ್ನು ತೂಗುವುದು ನನ್ನ ಕೆಲಸ. ನಮ್ಮ ಡಾಕ್ಟರಮ್ಮ, ನಾವೆಲ್ಲ ಬಾಯಾರು ಎನ್ನುವವರು, ಇನ್ನೊಂದನ್ನೂ ಕಲಿಸಿದ್ದರು. ಉಬ್ಬಸದ ಕೂಸು ಬಂದರೆ ಅಂಗಿ ಎತ್ತಿ, ಗಡಿಯಾರ ನೋಡುತ್ತ ಒಂದು ನಿಮಿಷ ಪೂರ್ತಿ ಉಸಿರು ಎಣಿಸಬೇಕು. ಪಕ್ಕೆಲುಬಿನ ಕೆಳಗೆ ಕುಳಿ ಬೀಳುತ್ತಿದ್ದರೆ ನಂಬರ್ ನೋಡದೆ ಒಳಗೆ ಕಳಿಸಬೇಕು. ಆಮೇಲೆ ತಾಯಿಗೆ ಕೇಳಬೇಕು, "ಮನ್ಯಾಗ ಹೊಗಿ ಐತೇನವಾ?" ಒಲೆ, ಬೀಡಿ ಇದ್ದರೆ ಚೀಟಿಯ ಮೇಲೆ ಗೀಟು ಹಾಕಬೇಕು. ಎಷ್ಟು ತಾಯಂದಿರಿಗೆ ಕೇಳಿದೆನೋ, ಲೆಕ್ಕವಿಲ್ಲ.

ಆ ವರ್ಷ ನನ್ನ ಮೊಮ್ಮಗಳು ಸಿರಿಗೇ ಉಬ್ಬಸ ಹತ್ತಿತು. ಎರಡು ವರ್ಷದ ಕೂಸು. ನೆಗಡಿಯಾದ ಮರುದಿನವೇ ಎದೆ ಸುಂಯ್ ಎನ್ನುತ್ತಿತ್ತು. ದೀಪಾವಳಿಯಿಂದ ಶಿವರಾತ್ರಿಯೊಳಗೆ ಮೂರು ಸಲ ಎತ್ತಿಕೊಂಡು ಓಡಿದೆ. ಬಾಯಾರು ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಗೆ ಪಂಪ್ ಸಿಗಿಸಿ, ಮೂಗು ಬಾಯಿಗೆ ಮಾಸ್ಕ್ ಹಿಡಿದು ಔಷಧ ಕೊಡುತ್ತಿದ್ದರು. ಉಸಿರು ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು.

ನಡುವೆ ಸೊಸೆ ರೇಣುಕಾ ಕೂಸನ್ನು ಕರೆದುಕೊಂಡು ರಾಮದುರ್ಗದ ತವರಿಗೆ ಹೋಗಿ ಒಂದು ತಿಂಗಳಿದ್ದಳು. ಅಲ್ಲಿ ನೆಗಡಿಯಾದರೂ ಉಬ್ಬಸ ಬರಲಿಲ್ಲ. ತಿರುಗಿ ಬಂದ ಹನ್ನೆರಡನೇ ದಿನಕ್ಕೆ ಮತ್ತೆ ಸುಂಯ್.

"ಅತ್ತಿ, ಈಕಿಗೆ ಈ ಮನಿ ನೀರು ಆಗವಲ್ದು. ಸಾಲಿಗೆ ಹಾಕೂತನಕ ರಾಮದುರ್ಗದಾಗ ಇಟ್ಕೋತೇನಿ" ಎಂದು ಚೀಲ ತುಂಬತೊಡಗಿದಳು.

"ದವಾಖಾನ್ಯಾಗ ಇರಾಕಿ ನಾನು. ನನಗ ತಿಳಿಲಾರದ್ದು ನಿಮ್ಮವ್ವಗ ತಿಳೀತೇನು?" ಎಂದು ಜೋರು ಮಾಡಿದೆ. ನನ್ನ ಚಿಂತೆಯೇ ಬೇರೆ. ಕೆಲಸ ಮುಗಿಸಿ ಕೂಸಿಲ್ಲದ ಮನೆಗೆ ಹೆಂಗೆ ಹೋಗುವುದು?

ಅದೇ ಮುಂಜಾನೆ ಸಿರಿಗೆ ಬಿಸಿನೀರು ಎರೆದು ದವಾಖಾನೆಗೆ ಎತ್ತಿಕೊಂಡು ಹೋದೆ. ಎಣಿಸಿದೆ. ನಿಮಿಷಕ್ಕೆ ಐವತ್ತೆರಡು, ಆ ವಯಸ್ಸಿಗೆ ನಲವತ್ತರ ಒಳಗಿರಬೇಕು. ಪಂಪ್ ಕೊಟ್ಟು, ಉಸಿರು ಇಳಿದ ಮೇಲೆ ಬಾಯಾರು ಎದೆ ನೋಡಲು ಬಗ್ಗಿದರು. ಬಗ್ಗಿದವರು ಕೂಸಿನ ತಲೆ ಮೂಸಿದರು.

"ಏನ ವಾಸನಿ ಇದು, ಗಂಗವ್ವ?"

"ಧೂಪ ರೀ. ಎರದ ಮ್ಯಾಲೆ ಕೆಂಡದ ಮ್ಯಾಲೆ ಲೋಬಾನ ಹಾಕಿ ತಲಿ ಒಣಗಸ್ತೇನ್ರಿ. ಉಗರಗೋಳದಿಂದ ತಂದದ್ರಿ, ಚಲೋ ಮಾಲು."

"ದಿನಾ?"

"ದಿನಾ ರೀ."

"ಮತ್ತ ಮನ್ಯಾಗ ಹೊಗಿ ಇಲ್ಲ ಅಂದಿದ್ದಿ?"

"ಗ್ಯಾಸ್ ಐತ್ರಿ, ಬೀಡಿ ಯಾರೂ ಸೇದಂಗಿಲ್ರಿ. ಇದು ಹೊಗಿ ಅಲ್ಲಲ್ರೀ ಬಾಯಾರ, ಧೂಪ."

"ಕಣ್ಣಾಗ ನೀರು ಬರತಾವಿಲ್ಲೋ?"

"ಬರತಾವ್ರಿ."

"ಹಂಗಾರ ಅದೂ ಹೊಗಿನ."

ಉಬ್ಬಸ ಬಂದ ದಿನ, ಶೀತ ಬಿಡಲೆಂದು ಎರಡು ಹೊತ್ತು ಹಾಕುತ್ತಿದ್ದವಳು ನಾನೇ.

ಮನೆಗೆ ಹೋಗಿ ರೇಣುಕಾಗೆ ಎಲ್ಲ ಹೇಳಿದೆ. "ತಪ್ಪು ನೀರಿಂದು ಅಲ್ಲ, ನಂದವಾ."

ಅವಳು ಚೀಲದ ಮೇಲೆ ಕೈ ಇಟ್ಟುಕೊಂಡೇ ನಿಂತಳು. "ನಮ್ಮವ್ವಗ ಧೂಪ ಆಗಂಗಿಲ್ಲ. ಅಲ್ಲಿ ಹಾಕೇ ಇಲ್ಲ" ಎಂದಳು. ಆಮೇಲೆ, "ಮಳಿಗಾಲ ಕಳೀಲಿ ಅತ್ತಿ. ಮತ್ತ ಹಿಂಗ ಆದ್ರ ನಾ ಹೊಂಟೆ."

ಲೋಬಾನ ನಿಲ್ಲಿಸಿದೆ. ಬಾಯಾರು ಹೇಳಿದಂತೆ ಉಬ್ಬಸ ಬಾರದಂತೆ ತಡೆಯುವ ಪಂಪನ್ನು ದಿನಾ ಎರಡು ಹೊತ್ತು ಕೊಟ್ಟೆವು, ಪ್ರತಿ ಸಲ ಬಾಯಿ ತೊಳೆಸಿದೆವು. ಮಳೆಗಾಲದಲ್ಲಿ ಮೂರು ನೆಗಡಿ ಬಂದವು. ಒಂದು ಸಲ ಮಾತ್ರ ಎದೆ ಸ್ವಲ್ಪ ಸುಂಯ್ ಎಂದಿತು, ಮನೆಯಲ್ಲೇ ಪಂಪಿಗೆ ಇಳಿಯಿತು. ದಸರೆಗೆ ರೇಣುಕಾ ಚೀಲದ ಅರಿವೆ ತೆಗೆದು ಟ್ರಂಕಿನಲ್ಲಿ ಇಟ್ಟಳು. ನಾನು ಹಿತ್ತಲಿಗೆ ಹೋಗಿ ಖುಷಿಗೆ ಅತ್ತುಬಿಟ್ಟೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ತಾಯಂದಿರು ಸುಳ್ಳು ಹೇಳುವುದಿಲ್ಲ, ನಾವು ಕೇಳಿದ್ದಕ್ಕಷ್ಟೇ ಉತ್ತರ ಹೇಳುತ್ತಾರೆ. ಈಗ ನಾನು, "ಕೂಸಿಗೆ ಎರದ ಮ್ಯಾಲೆ ಏನೇನ್ ಮಾಡತೀರವಾ?" ಎಂದು ಕೇಳುತ್ತೇನೆ. ಬಹಳ ಮಂದಿ ಧೂಪದ ಹೆಸರು ಹೇಳುತ್ತಾರೆ. "ನಾನೂ ಹಾಕತಿದ್ನಿ" ಎನ್ನುತ್ತೇನೆ. ಆಗ ಮಾತು ಕೇಳುತ್ತಾರೆ.

ಸಿರಿ ಈಗ ಒಂದನೇ ಇಯತ್ತೆ. ಮೊನ್ನೆ ಸಾಲೆಯ ಓಟದಲ್ಲಿ ಮೂರನೆಯವಳಾದಳು. ದವಾಖಾನೆಗೆಲ್ಲ ಪೇಢೆ ಹಂಚಿದೆ.

"ಮೂರನೇ ನಂಬರಿಗೆ ಯಾರ ಪೇಢೆ ಹಂಚತಾರ, ಗಂಗವ್ವ?" ಎಂದು ಬಾಯಾರು ನಕ್ಕರು.

"ನಂಬರಿಗಲ್ರೀ ಬಾಯಾರ. ಓಡಿದ್ದಕ್ಕ."