ಮೊದಲ ನೀವ ನಂದ ತಗೀರಿ

ಇಚಲಕರಂಜಿಯ ನಮ್ಮ ಓಣಿಯಲ್ಲಿ ಮಗ್ಗದ ಬಿಡಿಭಾಗ ಮಾರುವ ನೆರೆಯವರೊಬ್ಬರಿದ್ದರು. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಕ್ಯಾಮೆರಾ ಹಿಡಿದು ಅಡ್ಡಾಡಲು ಹೋಗುತ್ತಿದ್ದೆವು. ಅವರ ಬಳಿ ಇದ್ದದ್ದು ಜೂಮ್ ಇಲ್ಲದ ಒಂದೇ ಚಿಕ್ಕ ಲೆನ್ಸ್. ಮುಖ ಬೇಕೆಂದರೆ ಹತ್ತಿರ ಹೋಗಲೇಬೇಕು. ನನಗೋ ಜನ ಬೈದಾರೆಂಬ ಭಯ. ಹಾಗಾಗಿ ನನ್ನದು ಉದ್ದನೆಯ ಜೂಮ್. ಬೈದರೆ ಓಡಲು ನಡುವೆ ಒಂದು ರಸ್ತೆಯಾದರೂ ಇರುತ್ತದೆ.

ಅವರದೊಂದು ಪದ್ಧತಿ. ಯಾರ ಫೋಟೊ ಬೇಕೋ ಅವರ ಕೈಗೇ ಕ್ಯಾಮೆರಾ ಕೊಟ್ಟು, “ಮೊದಲ ನೀವ ನಂದ ತಗೀರಿ, ಆಮ್ಯಾಲ ನಾ ನಿಮ್ದ ತಗೀತೇನಿ” ಎನ್ನುತ್ತಿದ್ದರು.

ಒಮ್ಮೆ ಹತ್ತಿರದ ಹುಪರಿ ಊರಿನಲ್ಲಿ ಬೆಳ್ಳಿ ಗೆಜ್ಜೆ ಪೋಣಿಸುತ್ತಿದ್ದ ಅಜ್ಜಿ ನನ್ನ ಜೂಮ್ ಕಂಡು ಮುಖಕ್ಕೆ ಸೆರಗೆಳೆದುಕೊಂಡಳು. ನಮ್ಮ ನೆರೆಯವರು ಹೋಗಿ ತಮ್ಮ ಕ್ಯಾಮೆರಾ ಕೊಟ್ಟರು. ಆಕೆ ತೆಗೆದ ಚಿತ್ರದಲ್ಲಿ ಇವರ ತಲೆಯೇ ಇರಲಿಲ್ಲ.

“ಬರೇ ಹೊಟ್ಟಿ ಬಂದೈತಲ್ಲೋ ತಮ್ಮಾ!” ಎಂದು ಅಜ್ಜಿ ಬಾಯ್ತುಂಬ ನಕ್ಕಳು. ಆ ನಗುವನ್ನು ಇವರು ತೆಗೆದರು. ಆಮೇಲೆ ನನ್ನತ್ತ ಕೂಗಿದರು: “ಅಲ್ಲೇನ ನಿಂತೀರಿ? ಬರ್ರಿ, ಅಜ್ಜಿ ಕಡಿಯಂಗಿಲ್ಲ!”

ನಾನು ಹೋಗಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ನನ್ನ ಬಳಿ ಅವರ ಚಿತ್ರಗಳಿಗೇನೂ ಕೊರತೆಯಿಲ್ಲ. ಎಲ್ಲದರಲ್ಲೂ ಯಾರೊಂದಿಗೋ ನಗುತ್ತಿದ್ದಾರೆ, ಯಾವುದರಲ್ಲೂ ನನ್ನನ್ನು ನೋಡುತ್ತಿಲ್ಲ.

ಮೊನ್ನೆ ಕೊಲ್ಹಾಪುರದ ಅಂಗಡಿಯೊಂದರಲ್ಲಿ ದಿನವೂ ಅಡ್ಡಾಡಲು ಒಯ್ಯುವಂಥ ಲೆನ್ಸ್ ಕೇಳಿದೆ. ಅಂಗಡಿಯವರು ಗಡಹಿಂಗ್ಲಜ ಕಡೆಯವರು, ಕನ್ನಡದಲ್ಲೇ ವಿಚಾರಿಸಿದರು.

“ಎಷ್ಟ ದೂರಿಂದ ತಗೀತೀರಿ?”

“ಎದುರಿಗಿದ್ದವರು ಸಣ್ಣಗ ಮಾತಾಡಿದ್ರೂ ಕೇಳಬೇಕ್ರಿ,” ಎಂದೆ, “ಅಷ್ಟ.”